ಮಗಳ ಸ್ಪ್ಯಾನಿಷ್ ಕ್ರಿಯಾಪದದ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಸರ್, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಮೊಬೈಲಲ್ಲಿ ಕುಟ್ಟೋವಷ್ಟು ಚಿಕ್ಕ ಉತ್ತರ ಅಲ್ಲ ಅಂತ ಬೆಳಗ್ಗೆ ಕಾಫಿ ಹಿಡ್ಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದೀನಿ. ಹೊಸದಾಗಿ ಓದುವವರಿಗೆ ಪ್ರಶ್ನೆ ಇಷ್ಟು: ಮಗಳು ಡಾಲಸ್‌ನಲ್ಲೇ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಸ್ಪ್ಯಾನಿಷ್ ಎರಡನೇ ವರ್ಷ. ಪದಗಳೆಲ್ಲ ಬರುತ್ತೆ, ಕ್ರಿಯಾಪದ ಬಂತು ಅಂದ್ರೆ ಮಾರ್ಕ್ಸ್ ಹೋಗುತ್ತೆ. ಟೇಬಲ್ ಬಾಯಿಪಾಠ ಮಾಡಿಸೋಕೆ ಟ್ಯೂಷನ್ ಹಾಕಲಾ, ಇಲ್ಲಾ ಯಾವುದಾದ್ರೂ ಆ್ಯಪ್ ಸಾಕಾ ಅಂತ ಕೇಳಿದ್ದೀರಿ. ಇಬ್ಬರು ಈಗಾಗಲೇ "ಮಗ್ಗಿ ಥರ ಉರು ಹೊಡೆಸಿ" ಅಂದಿದ್ದಾರೆ.

ಟ್ಯೂಷನ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಉರು ಸ್ವಲ್ಪ ಬೇಕು, ಇಲ್ಲ ಅನ್ನಲ್ಲ. ಆದ್ರೆ ಅವಳ ತೊಂದರೆ ನೆನಪಿನದ್ದಲ್ಲ, ಕಿವಿಯದ್ದು. ಇಂಗ್ಲಿಷ್‌ನಲ್ಲಿ ಬೆಳೆದ ಕಿವಿ ಕ್ರಿಯಾಪದದ ಬಾಲ ಕೇಳಿಸಿಕೊಳ್ಳೋದೇ ಇಲ್ಲ. ಯಾಕೆ ಕೇಳಬೇಕು ಹೇಳಿ? 'ಐ ಸ್ಪೀಕ್, ಯೂ ಸ್ಪೀಕ್, ವೀ ಸ್ಪೀಕ್, ದೇ ಸ್ಪೀಕ್.' ಮಾಡೋರು ಯಾರು ಅಂತ ಮೊದಲೇ ಬಂದುಬಿಡುತ್ತೆ, ಬಾಲಕ್ಕೆ ಕೆಲಸವೇ ಇಲ್ಲ. ಸ್ಪ್ಯಾನಿಷ್‌ನಲ್ಲಿ ಎಲ್ಲ ಉಲ್ಟಾ. 'ಆಬ್ಲೊ' ಅಂದ್ರೆ ಮಾತಾಡ್ತೀನಿ, 'ಆಬ್ಲಾಸ್' ಮಾತಾಡ್ತೀಯ, 'ಅಬ್ಲಾಮೊಸ್' ಮಾತಾಡ್ತೀವಿ, 'ಆಬ್ಲಾನ್' ಮಾತಾಡ್ತಾರೆ. ನಾನು, ನೀನು ಅಂತ ಹೇಳೋದು ಒತ್ತಿ ಹೇಳಬೇಕಾದಾಗ ಮಾತ್ರ. ಇದನ್ನ ಓದುವಾಗ ನಿಮಗೇ ಅನಿಸಿರಬೇಕು, ಇದು ನಮ್ಮದೇ ಪದ್ಧತಿಯಲ್ಲವಾ ಅಂತ. ಹೌದು. ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ನನ್ನ ಪಜೀತಿ ಕೇಳಿ. ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ನಾಲ್ಕು ವರ್ಷ ಇದ್ದೆ. ಸ್ಪ್ಯಾನಿಷ್ ಕಲಿತದ್ದು ಇಂಗ್ಲಿಷ್ ಪುಸ್ತಕದಿಂದ, ಅಂದ್ರೆ ನಿಮ್ಮ ಮಗಳ ದಾರಿಯಲ್ಲೇ. ಬಾಡಿಗೆ ಕಟ್ಟಿದ ಮಾರನೇ ದಿನ ಮನೆ ಓನರಮ್ಮ ಮೆಟ್ಟಿಲ ಮೇಲೆ ಸಿಕ್ಕಿ "ಯಾ ಪಗೋ?" ಅಂದ್ರು. ಕಟ್ಟಿದ್ರಾ ಅಂತ. ನಾನು ಅವರದ್ದೇ ಪದ ಎತ್ಕೊಂಡು, "ಸೀ, ಯಾ ಪಾಗೊ" ಅಂದೆ. ಅವರು ಕೈ ಕಟ್ಕೊಂಡು ಅಲ್ಲೇ ನಿಂತರು. ನಾನೂ ನಿಂತೆ. ನಾನು ಹೇಳಿದ್ದು "ಹೂಂ, ಈಗ ಕೊಡ್ತೀನಿ" ಅಂತ ಆಗಿತ್ತು! ಹೇಳಬೇಕಿದ್ದದ್ದು 'ಯಾ ಪಗೇ', ಕಟ್ಟಿದೆ. ರಸೀದಿ ತಂದು ತೋರಿಸೋವರೆಗೂ ಆಯಮ್ಮ ಅಲ್ಲಾಡಲಿಲ್ಲ.

ಆ ಒಂದು ಎಡವಟ್ಟಿನಲ್ಲೇ ಎರಡು ಪಾಠ ಇದೆ. ಕನ್ನಡದಲ್ಲಿ "ಕೊಟ್ರಾ?" ಅಂದ್ರೆ "ಹೂಂ, ಕೊಟ್ರು" ಅಂತ ಯಾರೂ ಹೇಳಲ್ಲ, ಬಾಯಿಗೆ ತಾನಾಗೇ "ಕೊಟ್ಟೆ" ಬರುತ್ತೆ. ಇಂಗ್ಲಿಷ್‌ನಲ್ಲಿ ಯಾರು ಕೊಟ್ಟರೂ 'ಪೇಯ್ಡ್', ಹಾಗಾಗಿ ಇಂಗ್ಲಿಷ್ ತಲೆ ಪ್ರಶ್ನೆಯ ಪದವನ್ನೇ ವಾಪಸ್ ಕೊಡುತ್ತೆ. ನಾನು ಇಂಗ್ಲಿಷ್ ಮೂಲಕ ಹೋದದ್ದಕ್ಕೆ ನನ್ನ ಕನ್ನಡದ ಬುದ್ಧಿ ಅಲ್ಲಿ ಕೈಕೊಡ್ತು. ಎರಡನೆಯದು ಒತ್ತು. 'ಪಾಗೊ' ಅಂದ್ರೆ ಕೊಡ್ತೀನಿ, 'ಪಗೋ' ಅಂದ್ರೆ ಕೊಟ್ಟರು. ಅಕ್ಷರ ಅದೇ, ಒತ್ತು ಬೀಳೋ ಜಾಗ ಬೇರೆ, ಬರೆಯುವಾಗ ಮೇಲೊಂದು ಗೀಟು. ಇದರಲ್ಲಿ ಮಾತ್ರ ನಿಮ್ಮ ಮಗಳು ನಮಗಿಂತ ಮುಂದೆ ಇರ್ತಾಳೆ, ಯಾಕಂದ್ರೆ ಇಂಗ್ಲಿಷ್‌ನಲ್ಲೂ ಒತ್ತು ಬದಲಾದ್ರೆ ಪದ ಬದಲಾಗೋದುಂಟು. ಅವಳಿಗೆ ಆ ಗೀಟು ಅಲಂಕಾರ ಅಲ್ಲ, ಅದು ಹೋದ್ರೆ ಬಾಡಿಗೆ ಕೊಟ್ಟವರೇ ಬದಲಾಗ್ತಾರೆ ಅಂತ ಹೇಳಿ. ನನ್ನ ಕಥೆನೂ ಹೇಳಿ, ಪರವಾಗಿಲ್ಲ.

ಈಗ ನಿಜವಾದ ಔಷಧಿ. ಮಗಳು ಕನ್ನಡ ಮಾತಾಡಲ್ಲ, ಆದ್ರೆ ಅಜ್ಜಿ ಫೋನಲ್ಲಿ ಹೇಳಿದ್ದೆಲ್ಲ ಅರ್ಥ ಆಗುತ್ತೆ ಅಂತ ಬರೆದಿದ್ದೀರಲ್ಲ, ಅಷ್ಟು ಸಾಕು. ಸ್ಪ್ಯಾನಿಷ್ ವಾಕ್ಯವನ್ನ ಇಂಗ್ಲಿಷ್‌ಗೆ ತರೋ ಬದಲು ಕನ್ನಡಕ್ಕೆ ತರೋಕೆ ಹೇಳಿ.

ಎರಡನೇ ವರ್ಷದಲ್ಲಿ ಮಕ್ಕಳು ಮಕಾಡೆ ಬೀಳೋದು ಎರಡು ಭೂತಕಾಲಗಳಲ್ಲಿ. ಪುಸ್ತಕದಲ್ಲಿ ಪ್ರೆಟೆರಿಟ್, ಇಂಪರ್ಫೆಕ್ಟ್ ಅಂತಾರೆ. ಇಂಗ್ಲಿಷ್‌ನಲ್ಲಿ 'ವೀ ವೆಂಟ್' ಅಂದ್ರೆ ಒಂದು ಸಲ ಹೋದದ್ದೂ ಆಗಬಹುದು, ಪ್ರತಿ ಬೇಸಿಗೆ ಹೋಗ್ತಿದ್ದದ್ದೂ ಆಗಬಹುದು. ಅದಕ್ಕೇ ಮೇಷ್ಟ್ರುಗಳು ಉದ್ದನೆ ಪಟ್ಟಿ ಕೊಡ್ತಾರೆ: ಅಭ್ಯಾಸ ಆದ್ರೆ ಇದು, ಮುಗಿದ ಕೆಲಸ ಆದ್ರೆ ಅದು, ಹಿನ್ನೆಲೆ ಆದ್ರೆ ಇದು. ಆ ಪಟ್ಟಿ ಸುಳ್ಳಲ್ಲ, ಆದ್ರೆ ಬಾಯಿ ತೆರೆಯೋ ಹೊತ್ತಿಗೆ ಪಟ್ಟಿ ನೋಡೋಕೆ ಸಮಯ ಎಲ್ಲಿದೆ? ಅವಳನ್ನ ಹೀಗೆ ಕೇಳಿ: ಅಜ್ಜಿ ಹೇಳಿದ್ರೆ "ಹೋದ್ವಿ" ಅಂತಿದ್ರಾ, "ಹೋಗ್ತಿದ್ವಿ" ಅಂತಿದ್ರಾ? "ಹೋದ್ವಿ" ಆದ್ರೆ 'ಫುಯಿಮೊಸ್', ಅದು ಪ್ರೆಟೆರಿಟ್. "ಹೋಗ್ತಿದ್ವಿ" ಆದ್ರೆ 'ಈಬಾಮೊಸ್', ಅದು ಇಂಪರ್ಫೆಕ್ಟ್. "ನಾನು ಓದ್ತಿದ್ದೆ, ಫೋನ್ ಬಂತು" ಅನ್ನೋದರಲ್ಲಿ ಎರಡೂ ಇದೆ, ಸ್ಪ್ಯಾನಿಷ್‌ನಲ್ಲೂ ಹಾಗೇ ಎರಡೂ ಬರುತ್ತೆ.

ಇನ್ನೂ ಚಂದದ್ದು 'ಸಬೇರ್', ಗೊತ್ತಿರೋದು. ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೊಂದು ಬೇರೆ ಚೌಕವೇ ಇರುತ್ತೆ, ಪ್ರೆಟೆರಿಟ್‌ನಲ್ಲಿ ಅರ್ಥ ಬದಲಾಗೋ ಕ್ರಿಯಾಪದಗಳು ಅಂತ. 'ಸಬೀಯಾ' ಅಂದ್ರೆ ಗೊತ್ತಿತ್ತು. 'ಸೂಪೆ' ಅಂದ್ರೆ ಗೊತ್ತಾಯ್ತು. ಇಷ್ಟೇ! ಇಂಗ್ಲಿಷ್‌ನವರು ಎರಡು ಬೇರೆ ಬೇರೆ ಕ್ರಿಯಾಪದ ಹುಡುಕಬೇಕು, ನಮಗೆ ಗೊತ್ತಿತ್ತು, ಗೊತ್ತಾಯ್ತು ಅಂದ್ರೆ ಮುಗೀತು. ಇದು ಹೊಳೆದ ದಿನ ನಾನು ಬಸ್ಸಲ್ಲಿ ಒಬ್ಬನೇ ನಕ್ಕಿದ್ದೆ. ಆ ಚೌಕದಲ್ಲಿರೋ ಬೇರೆ ಪದಗಳು, ಕೊನೊಸೇರ್ (ಪರಿಚಯ ಇರೋದು), ಕೆರೇರ್ (ಬೇಕು ಅನ್ನೋದು), ಪೊದೇರ್ (ಮಾಡೋಕೆ ಆಗೋದು), ಇವನ್ನೂ ಇದೇ ಕಣ್ಣಲ್ಲಿ ನೋಡೋಕೆ ಹೇಳಿ.

ರೂಪ ಕಲಿಯೋಕೆ ಇಂಪರ್ಫೆಕ್ಟ್ ಬಲು ಸುಲಭ. ಇಡೀ ಭಾಷೆಯಲ್ಲಿ ದಾರಿ ತಪ್ಪಿದವು ಮೂರೇ: 'ಎರಾ', 'ಈಬಾ', 'ಬೆಈಯಾ'. ಪ್ರೆಟೆರಿಟ್ ಕಾಟ ಕೊಡುತ್ತೆ. ಆದ್ರೆ ಅಲ್ಲೂ ಒಂದು ಕುಟುಂಬ ಇದೆ. ತೂಬೆ, ಎಸ್ತೂಬೆ, ಪೂದೆ, ಪೂಸೆ, ಸೂಪೆ, ಕೀಸೆ, ಬೀನೆ, ಈಸೆ, ದೀಹೆ. ಬುಡ ವಿಚಿತ್ರ, ಬಾಲ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ, ಗೀಟೂ ಇಲ್ಲ. ಜೋರಾಗಿ ಹಾಡಿನ ಥರ ಹೇಳಿಸಿ, ಒಂದು ವಾರ ಸಾಕು. ಉರು ಬೇಕು ಅಂದೆನಲ್ಲ, ಅದು ಇಲ್ಲಿ.

ಇನ್ನು ಸೆರ್, ಎಸ್ತಾರ್. ಇಂಗ್ಲಿಷ್‌ನ ಒಂದು 'ಬಿ'ಗೆ (ಈಸ್, ಆರ್, ವಾಸ್ ಎಲ್ಲ ಅದೇ) ಇಲ್ಲಿ ಎರಡು. ಶಾಶ್ವತ ಆದ್ರೆ ಸೆರ್, ತಾತ್ಕಾಲಿಕ ಆದ್ರೆ ಎಸ್ತಾರ್ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ರೆ ಅದನ್ನ ಮರೆಸಿಬಿಡಿ. ಸತ್ತಿದ್ದಾನೆ ಅನ್ನೋಕೆ 'ಎಸ್ತಾ ಮುಎರ್ತೊ'. ಸಾವಿಗಿಂತ ಶಾಶ್ವತ ಏನಿದೆ? ಈಗ ಕನ್ನಡ ನೋಡಿ: ಸತ್ತ್+ಇದ್ದಾನೆ. ಬಾಗಿಲು ಮುಚ್ಚ್+ಇದೆ, 'ಎಸ್ತಾ ಸೆರ್ರಾದಾ'. ನಿದ್ದೆ ಮಾಡ್ತ್+ಇದ್ದಾನೆ, 'ಎಸ್ತಾ ದುರ್ಮಿಯೆಂದೊ'. ಮನೇಲಿ ಇಲ್ಲ, 'ನೊ ಎಸ್ತಾ'. ಎಲ್ಲದರ ಹೊಟ್ಟೆಯಲ್ಲೂ ನಮ್ಮ 'ಇರು' ಕೂತಿದೆ. ಅವನು ಡಾಕ್ಟರು ಅನ್ನುವಾಗ ನಮ್ಮಲ್ಲಿ ಕ್ರಿಯಾಪದವೇ ಇಲ್ಲ, ಇಲ್ಲ ಅನ್ನಬೇಕಾದ್ರೆ 'ಅಲ್ಲ' ಅಂತೀವಿ. ಅಲ್ಲಿ ಸೆರ್. ಅಲ್ಲ, ಇಲ್ಲ ಅನ್ನೋ ಜೋಡಿ ನೂರಕ್ಕೆ ನೂರು ಹೊಂದಲ್ಲ, ಮೊದಲೇ ಹೇಳ್ತೀನಿ. 'ಎತ್ತರ ಇದ್ದಾನೆ' ಅನ್ನೋದಕ್ಕೆ ಅವರು ಸೆರ್ ಹಾಕ್ತಾರೆ. ಪಾರ್ಟಿ ನಮ್ಮ ಮನೇಲಿದೆ ಅನ್ನೋದಕ್ಕೂ ಸೆರ್, ಸಮಾರಂಭ ನಡೆಯೋ ಜಾಗಕ್ಕೆ ಅವರ ನಿಯಮ ಹಾಗೆ. ಆದ್ರೂ ಶಾಶ್ವತ, ತಾತ್ಕಾಲಿಕ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ. ಒಂದು ಉದಾಹರಣೆ ಅವಳ ಗೋಡೆಗೆ ಅಂಟಿಸಿ: 'ಲಾ ಮನ್ಸಾನಾ ಎಸ್ ಬೆರ್ದೆ' ಅಂದ್ರೆ ಸೇಬು ಹಸಿರು ಬಣ್ಣದ್ದು. 'ಲಾ ಮನ್ಸಾನಾ ಎಸ್ತಾ ಬೆರ್ದೆ' ಅಂದ್ರೆ ಇನ್ನೂ ಹಸಿ, ಹಣ್ಣಾಗಿಲ್ಲ.

'ಗುಸ್ತಾರ್' ಬಗ್ಗೆ ಜಾಸ್ತಿ ಬೇಡ. 'ಮೆ ಗುಸ್ತಾ' ಅಂದ್ರೆ ನನಗೆ ಇಷ್ಟ. 'ಮೆ ದುಎಲೆ ಲಾ ಕಬೇಸಾ', ನನಗೆ ತಲೆ ನೋಯುತ್ತೆ. ಇಂಗ್ಲಿಷ್‌ನ 'ಐ ಲೈಕ್' ಹಿಡ್ಕೊಂಡು ಹೋದವರು ಇಲ್ಲಿ 'ಯೊ ಗುಸ್ತೊ' ಅಂತ ಬರೆದು ಕೆಂಪು ಇಂಕು ತಿಂತಾರೆ. ಮಾವಿನಹಣ್ಣು ಒಂದಲ್ಲ, ಹಲವಾದ್ರೆ 'ಗುಸ್ತಾನ್' ಆಗುತ್ತೆ, ಅದೊಂದು ನೆನಪಿರಲಿ. ಹಾಗಂತ ಎಲ್ಲ ಕಡೆ 'ನನಗೆ' ನಡೆಯಲ್ಲ. ನನಗೆ ಹಸಿವು ಅನ್ನೋಕೆ 'ತೆಂಗೊ ಆಂಬ್ರೆ', ಹಸಿವು ಇಟ್ಕೊಂಡಿದ್ದೀನಿ ಅನ್ನೋ ಥರ. ವಯಸ್ಸಿಗೂ ಅದೇ ತೆಂಗೊ. ಇಲ್ಲಿ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ, ಹಾಗೇ ಕಲಿಯಬೇಕು.

'ಪೊದೇರ್' ಥರದವು, ಮಧ್ಯದ ಸ್ವರ ಮುರಿಯೋವು, ಅದರ ಗುಟ್ಟೂ ಒತ್ತೇ. ಪ್ವೇದೊ, ಪ್ವೇದೆಸ್, ಪ್ವೇದೆ, ಪ್ವೇದೆನ್, ಆದ್ರೆ ಪೊದೇಮೊಸ್. ಒತ್ತು ಬುಡದ ಮೇಲೆ ಬಿದ್ದಾಗ ಸ್ವರ ಒಡೆಯುತ್ತೆ, ಬಾಲದ ಮೇಲೆ ಬಿದ್ರೆ ಉಳಿಯುತ್ತೆ. ಟೇಬಲ್‌ನಲ್ಲಿ ಸ್ವರ ಒಡೆಯೋ ರೂಪಗಳ ಸುತ್ತ ಗೆರೆ ಎಳೆದ್ರೆ ಬೂಟಿನ ಆಕಾರ ಆಗುತ್ತೆ, ಪುಸ್ತಕದಲ್ಲಿ ಅದನ್ನೇ ಬರೆದು ತೋರಿಸ್ತಾರೆ, ಆದ್ರೆ ಬೂಟು ಯಾಕೆ ಬಂತು ಅಂತ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಗೊತ್ತಾದ ಮೇಲೆ ಬೂಟು ಬೇಕಾಗಲಿಲ್ಲ.

ಸಬ್ಜಂಕ್ಟಿವ್, ಅಂದ್ರೆ ಆಸೆ, ಅನುಮಾನ ಹೇಳುವಾಗ ಬರೋ ಕ್ರಿಯಾಪದದ ರೂಪ, ಈ ವರ್ಷ ಬಂದ್ರೂ ಸ್ವಲ್ಪವೇ ಬರುತ್ತೆ. ಅದಕ್ಕೆ ಪೂರ್ತಿ ಸಮಾನವಾದದ್ದು ನಮ್ಮಲ್ಲಿಲ್ಲ. 'ಬರಲಿ', 'ಒಳ್ಳೇದಾಗಲಿ' ಅನ್ನೋದು ಹತ್ತಿರ. ಹೊರಡುವಾಗ ಅವರು 'ಕೆ ತೆ ಬಾಯಾ ಬಿಯೆನ್' ಅಂತಾರೆ, ಅದು ನಮ್ಮ ಒಳ್ಳೇದಾಗಲಿ ಅಂತಲೇ ಇಟ್ಕೊಳ್ಳಿ. ಸದ್ಯಕ್ಕೆ ಅಷ್ಟು ಸಾಕು.

ದಿನಾ ಏನು ಮಾಡಿಸಬೇಕು ಅಂದ್ರೆ, ಹದಿನೈದು ಕ್ರಿಯಾಪದ ಹಿಡೀರಿ: ಸೆರ್, ಎಸ್ತಾರ್, ತೆನೇರ್, ಇರ್, ಅಸೇರ್, ಪೊದೇರ್, ಕೆರೇರ್, ದೆಸೀರ್, ಬೆನೀರ್, ಸಬೇರ್, ದಾರ್, ಬೇರ್, ಪೊನೇರ್, ಸಲೀರ್, ಅಬೇರ್. ದಿನಬಳಕೆಯವು ಇವೇ, ಅಂಕುಡೊಂಕಾದವೂ ಇವೇ, ಇಂಗ್ಲಿಷ್‌ನ ಗೋ, ವೆಂಟ್ ಥರ. ಮೇಲಿಂದ ಕೆಳಗೆ ಟೇಬಲ್ ಒಪ್ಪಿಸೋದು ಬೇಡ. ಒಪ್ಪಿಸೋ ಮಗು ನಾಲ್ಕನೆಯದು ಬೇಕಾದಾಗ ಮೊದಲಿಂದ ಎಣಿಸುತ್ತೆ, ನಾವು ಮಗ್ಗಿಯಲ್ಲಿ ಮಾಡ್ತಿದ್ದ ಹಾಗೆ. ರಾತ್ರಿ ಊಟದ ಹೊತ್ತಿಗೆ ಹತ್ತು ನಿಮಿಷ ಪ್ರಶ್ನೆ, ಉತ್ತರ ಮಾಡಿ. ನೀವು 'ತಿಯೇನೆಸ್?' ಅಂದ್ರೆ ಅವಳು 'ತೆಂಗೊ' ಅನ್ನಬೇಕು. 'ಫುಯಿಸ್ತೆ?' ಅಂದ್ರೆ 'ಫುಯಿ'. ಬಾಲ ಬದಲಾಯಿಸಿ ವಾಪಸ್ ಎಸೆಯೋದೇ ಆಟ. ನಿಮಗೆ ಸ್ಪ್ಯಾನಿಷ್ ಬರದಿದ್ರೂ ಪರವಾಗಿಲ್ಲ, ಪ್ರಶ್ನೆ ಅವಳೇ ಚೀಟಿಯಲ್ಲಿ ಬರೆದು ಕೊಡಲಿ. ಆ್ಯಪ್ ಯಾವುದಾದ್ರೂ ಆಗುತ್ತೆ, ಆದ್ರೆ ನಾಲ್ಕು ಆಯ್ಕೆಯಲ್ಲಿ ಒಂದು ಒತ್ತೋ ಥರದ್ದು ಬೇಡ, ಟೈಪ್ ಮಾಡಿಸೋದು ಇರಲಿ. ರೂಪದ ಅನುಮಾನ ಬಂದ್ರೆ ಸ್ಪೇನಿನ ರೆಯಾಲ್ ಅಕಾದೆಮಿಯಾದ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿದೆ, ಕ್ರಿಯಾಪದದ ಪೂರ್ತಿ ಟೇಬಲ್ ತೋರಿಸುತ್ತೆ. 1713ರಲ್ಲಿ ಶುರುವಾದ ಸಂಸ್ಥೆ, ಅದರ ಮೇಲೆ ಅಪೀಲಿಲ್ಲ.

ಒಂದು ಸಮಾಧಾನದ ಲೆಕ್ಕ. ಅಮೆರಿಕದ ವಿದೇಶಾಂಗ ಇಲಾಖೆಯವರು ತಮ್ಮ ಸಿಬ್ಬಂದಿಗೆ ಭಾಷೆ ಕಲಿಸುವಾಗ ಸ್ಪ್ಯಾನಿಷ್ ಅನ್ನ ಇಂಗ್ಲಿಷ್‌ನವರಿಗೆ ಸುಲಭ ಅನ್ನೋ ಗುಂಪಿಗೆ ಹಾಕಿದ್ದಾರೆ. ಆ ಸುಲಭಕ್ಕೇ ಆರೇಳುನೂರು ಗಂಟೆ ಪಾಠ. ಶಾಲೆಯಲ್ಲಿ ದಿನಕ್ಕೆ 50 ನಿಮಿಷ, ವರ್ಷಕ್ಕೆ 180 ದಿನ ಅಂದ್ರೆ 150 ಗಂಟೆ. ಎರಡನೇ ವರ್ಷದಲ್ಲಿ ತಡವರಿಸದೆ ಇನ್ನೇನು? ಬೈಬೇಡಿ.

ಪರೀಕ್ಷೆಗೆ ಮಾತ್ರ ಒಂದು ಉಪಾಯ. ಪೇಪರ್ ಕೈಗೆ ಬಂದ ತಕ್ಷಣ, ಪ್ರಶ್ನೆ ಓದೋ ಮೊದಲೇ, ಮೂಲೆಯಲ್ಲಿ ಬಾಲಗಳ ಪುಟ್ಟ ಚೌಕ ಬರೆದುಕೊಳ್ಳಲಿ. ಹಾಗೇ ಟೀಚರನ್ನ ನಾಳೆನೇ ಕೇಳೋಕೆ ಹೇಳಿ, 'ಬೊಸೊತ್ರೊಸ್' (ನೀವೆಲ್ಲ ಅನ್ನೋದು) ರೂಪ ಪರೀಕ್ಷೆಗೆ ಇದೆಯಾ ಅಂತ. ಅದು ಸ್ಪೇನಿನಲ್ಲಿ ನಡೆಯೋದು, ನಾನಿದ್ದ ನಾಲ್ಕು ವರ್ಷದಲ್ಲಿ ಮೆಕ್ಸಿಕೋದ ಬೀದಿಯಲ್ಲಿ ಒಬ್ಬರ ಬಾಯಲ್ಲೂ ಕೇಳಲಿಲ್ಲ. ಅಮೆರಿಕದ ಎಷ್ಟೋ ಟೀಚರುಗಳು ಅದನ್ನ ಬಿಟ್ಟೇಬಿಡ್ತಾರೆ. ಪರೀಕ್ಷೆಗಿಲ್ಲ ಅಂತ ಟೀಚರ್ ಹೇಳಿದ್ರೆ ಪ್ರತಿ ಟೇಬಲ್‌ನಲ್ಲೂ ಒಂದು ಸಾಲು ಹೊಡೆದು ಹಾಕಿ.