1600 ವ್ಯಾಟ್ ಇದ್ದರೂ ವ್ಯಾಕ್ಯೂಮ್ ಕ್ಲೀನರ್ ಕಸ ಎಳೆಯದಿರುವುದೇಕೆ?

ಶಿರಸಿಯ ನಿಮ್ಮ ಮನೆಯಲ್ಲಿ ಮಳೆಗಾಲ ಶುರುವಾದ ಮೇಲೆ ಮಷಿನ್ ಬರೀ ಸದ್ದು ಮಾಡುತ್ತದೆ ಎಂದಿದ್ದೀರಿ. ಮೋಟರನ್ನು ದೂರುವ ಮೊದಲು ಫಿಲ್ಟರ್ ತೆಗೆದು ನೋಡಿ.

ವ್ಯಾಟ್ ಎಂದರೆ ಮೋಟರ್ ತಿನ್ನುವ ಕರೆಂಟಿನ ಲೆಕ್ಕ, ಎಳೆಯುವ ಬಲದ್ದಲ್ಲ. ಯುರೋಪಿಯನ್ ಒಕ್ಕೂಟ 2017ರಲ್ಲಿ ಸಾಮಾನ್ಯ ಮನೆಬಳಕೆಯ ಮಷಿನ್‌ಗಳಿಗೆ 900 ವ್ಯಾಟ್ ಮಿತಿ ಹಾಕಿತು. ಅಲ್ಲಿನ ಮನೆಗಳೇನೂ ಗಲೀಜಾಗಲಿಲ್ಲ. ಗಾಳಿ ಸರಾಗವಾಗಿ ಹರಿದರೆ ಮಾತ್ರ ಕಸ ಬರುತ್ತದೆ.

ನಮ್ಮ ಕಡೆ ಆಷಾಢದಲ್ಲಿ ಧೂಳೂ ಒದ್ದೆ. ಅದು ಫಿಲ್ಟರಿಗೆ ಮೆತ್ತಿಕೊಂಡು ಹಿಟ್ಟಿನಂತೆ ಗಟ್ಟಿಯಾಗುತ್ತದೆ. ತೊಳೆಯಬಹುದಾದ ಫಿಲ್ಟರ್ ಆದರೂ ಒಣಗಲು ಒಂದಿಡೀ ದಿನ ಬೇಕು, ಇಲ್ಲಿಯ ಮಳೆಯಲ್ಲಿ ಮೂರು ದಿನವಾದರೂ ಆಶ್ಚರ್ಯವಿಲ್ಲ. ಹಸಿಯಾಗಿ ಹಾಕಿದರೆ ಮುಗ್ಗಲು ವಾಸನೆ, ಮೋಟರಿಗೂ ಕೇಡು. ಬಚ್ಚಲೊಲೆಯ ಹತ್ತಿರ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಎರಡನೇ ಫಿಲ್ಟರ್ ಒಂದು ಇಟ್ಟುಕೊಳ್ಳುವುದೇ ಒಳ್ಳೆಯದು. ಪೈಪಿನಲ್ಲಿ ಕೂದಲು, ತೆಂಗಿನ ನಾರು ಸಿಕ್ಕಿದೆಯೇ ಎಂದೂ ನೋಡಿ.

ನನ್ನ ಹಳೆಯ ಮಷಿನ್ನಿನಲ್ಲಿ ಹೆಚ್ಚು ಬೇಸರ ತಂದದ್ದು ಬೇರೆಯೇ: ಗಿಡ್ಡ ವೈರು. ಜಗಲಿಯಿಂದ ನಡುಮನೆಗೆ ಹೋಗುವಷ್ಟರಲ್ಲಿ ಮೂರು ಸಲ ಪ್ಲಗ್ ಬದಲಿಸಬೇಕು. ಡಬ್ಬಿ ಖಾಲಿ ಮಾಡುವಾಗ ಅರ್ಧ ಧೂಳು ಮುಖಕ್ಕೇ. ಅಮ್ಮನಿಗೆ ಮೊದಲೇ ದಮ್ಮು, ಅವರು ಅದನ್ನು ಮುಟ್ಟುವುದನ್ನೇ ಬಿಟ್ಟರು. ದಮ್ಮಿನವರಿರುವ ಮನೆಗೆ ಡಬ್ಬಿಯ ಬದಲು ಧೂಳು ತುಂಬುವ ಚೀಲವಿರುವ ಮಷಿನ್ನೇ ಲೇಸು, ಚೀಲ ಸಮೇತ ಎಸೆಯಬಹುದು.

ಹೊಸದು ಕೊಳ್ಳುವುದಾದರೆ ಆ ಫಿಲ್ಟರ್, ಚೀಲ ಶಿರಸಿಯಲ್ಲೇ ಸಿಗುತ್ತದೆಯೇ ಎಂದು ಮೊದಲು ಕೇಳಿ.