ಉತ್ತ ಗದ್ದೆಯ ಬೋಕಿ ಚೂರು: ಎಷ್ಟು ಹಳೆಯದು?

ಪ್ರಶ್ನೆ: ನಮ್ಮ ಗದ್ದೆ ಬನವಾಸಿ ಹತ್ತಿರ. ಹೂಟಿ ಮುಗಿದು ಮೊದಲ ಮಳೆ ಬಿದ್ದರೆ ಕೆಂಪು, ಕಪ್ಪು ಬೋಕಿ (ಒಡೆದ ಮಡಕೆ) ಚೂರುಗಳು ಎದ್ದು ಕಾಣುತ್ತವೆ. ಕದಂಬರ ಕಾಲದವೇ? ತೊಳೆದಿಡಬಹುದೇ?
– ಓದುಗರು, ಶಿರಸಿ ತಾಲೂಕು

ಉತ್ತರ: ಬನವಾಸಿಯ ಮಣ್ಣು ಎಂದಾಕ್ಷಣ ಎಲ್ಲವೂ ಕದಂಬರದ್ದಲ್ಲ. ಆಯುವ ಮೊದಲು ಚೂರುಗಳು ಬಿದ್ದಿರುವ ರೀತಿ ನೋಡಿ. ಗದ್ದೆ ತುಂಬ ಅಲ್ಲೊಂದು ಇಲ್ಲೊಂದು, ಅಂಚು ಸವೆದ ಸಣ್ಣ ಚೂರುಗಳಿದ್ದರೆ ಹಿಂದಿನವರ ಮನೆಯ ಕಸ ಗೊಬ್ಬರದೊಡನೆ ಬಂದಿರುವುದೇ ಹೆಚ್ಚು. ಒಂದೇ ಕಡೆ ಒತ್ತಾಗಿ, ಹರಿತ ಅಂಚಿನ ದೊಡ್ಡ ಚೂರು, ಜೊತೆಗೆ ಇಟ್ಟಿಗೆ ತುಂಡು, ಬೂದಿ ಬಣ್ಣದ ಮಣ್ಣು ಕಂಡರೆ ನೇಗಿಲು ಹಳೆಯ ವಸತಿಯ ಪದರಕ್ಕೆ ತಾಗುತ್ತಿರಬಹುದು. ಅಲ್ಲಿ ಇನ್ನೂ ಆಳಕ್ಕೆ ಉಳಬೇಡಿ, ಅಗೆಯಲಂತೂ ಬೇಡಿ. ಪದರ ಕದಡಿದರೆ ಕಾಲ ಹೇಳುವ ಆಧಾರವೇ ಹೋಯಿತು.

ಮಡಕೆಯ ಹೊಟ್ಟೆಯ ಕೆಂಪು ಚೂರೊಂದನ್ನೇ ನೋಡಿ ಶತಮಾನ ಹೇಳುವವರನ್ನು ನಂಬಬೇಡಿ. ಒಡೆದ ಅಂಚಿನ ನಡುವೆ ಕಪ್ಪಿದ್ದರೆ ಆವಿಗೆಯಲ್ಲಿ ಪೂರ್ತಿ ಬೆಂದಿಲ್ಲ ಅಷ್ಟೆ. ಕೆಂಗಂದು ಲೇಪದ ಮೇಲೆ ಬಿಳಿ ಗೆರೆಗಳಿದ್ದರೆ ಅದು ಶಾತವಾಹನರ ಕಾಲದ ಸುಮಾರಿನದು, ಮಧ್ಯಯುಗಕ್ಕಿಂತ ಬಹಳ ಹಿಂದಿನದು. ಚಪ್ಪಟೆಯಾಗಿ, ಅಚ್ಚಿನ ಗೆರೆ ಇರುವುದು ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ.

ಹೆಚ್ಚು ಮಾತಾಡುವುದು ಬಾಯಂಚು. ಕಾಗದದ ಮೇಲೆ ಅರ್ಧ ಸೆಂ.ಮೀ. ಅಂತರದಲ್ಲಿ ಒಂದೇ ಕೇಂದ್ರದ ವೃತ್ತಗಳನ್ನು ಎಳೆಯಿರಿ. ಅಂಚನ್ನು ಬೋರಲಾಗಿಟ್ಟು, ಸಂದಿಯಲ್ಲಿ ಬೆಳಕು ಕಾಣದಂತೆ ಕೂರಿಸಿ. ಯಾವ ವೃತ್ತಕ್ಕೆ ಹೊಂದುತ್ತದೋ ಅದೇ ಮಡಕೆಯ ಬಾಯಗಲ. ವೃತ್ತದ ಇಪ್ಪತ್ತನೇ ಒಂದು ಪಾಲಿಗಿಂತ ಚಿಕ್ಕ ಅಂಚಿನಲ್ಲಿ ಈ ಅಳತೆ ನೆಚ್ಚುವಂತಿಲ್ಲ.

ತೊಳೆಯಲು ಬರೀ ನೀರು, ಮೆದು ಬ್ರಷ್ ಸಾಕು. ಸೋಪು, ಆಸಿಡ್ ಬೇಡ. ಬಣ್ಣವಿದ್ದ ಚೂರನ್ನು, ಮಸಿ ಹಿಡಿದ ತಳವನ್ನು ಉಜ್ಜಬೇಡಿ. ಆ ಮಸಿಯೂ ಸಾಕ್ಷಿಯೇ. ನೆರಳಲ್ಲಿ ಒಣಗಿಸಿ, ಸರ್ವೆ ನಂಬರು, ಗದ್ದೆಯ ಮೂಲೆ, ತಾರೀಖನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ ಕಟ್ಟಿಡಿ. ಚೀಟಿಯಿಲ್ಲದ ಚೂರು ಆಡುವ ಮಕ್ಕಳಿಗೆ ಮಾತ್ರ ಉಪಯೋಗ. ಫೆವಿಕ್ವಿಕ್ ಹಚ್ಚಿ ಜೋಡಿಸಿದರೆ ಮುಂದೆ ಬಿಡಿಸುವುದು ಕಷ್ಟ. ನಾಣ್ಯ ಸಿಕ್ಕರೆ ತಹಶೀಲ್ದಾರರ ಕಚೇರಿಗೆ ತಿಳಿಸಿ.

ಪ್ರಶ್ನೆ: ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಕರಾವಳಿಯ ಗದ್ದೆಯಲ್ಲಿ) ಸಿಕ್ಕ ಚೂರುಗಳು ಒಣಗಿದ ಮೇಲೆ ಬಿಳಿ ಹುಡಿ ಬಿಟ್ಟು ಸಿಪ್ಪೆ ಏಳುತ್ತಿವೆ. ಯಾಕೆ?
– ಓದುಗರು, ಕುಮಟಾ

ಉತ್ತರ: ಉಪ್ಪು. ನೀರು ಆರಿದಾಗ ಮಣ್ಣಿನ ರಂಧ್ರಗಳಲ್ಲಿ ಹರಳುಗಟ್ಟಿ ಮೇಲ್ಮೈಯನ್ನು ಎಬ್ಬಿಸುತ್ತದೆ. ಮಳೆಗಾಲದ ಥಂಡಿಗೆ ಕರಗಿ, ಬೇಸಿಗೆಯಲ್ಲಿ ಮತ್ತೆ ಹರಳಾಗುವುದರಿಂದ ವರ್ಷವರ್ಷವೂ ಹಾನಿ ಬೆಳೆಯುತ್ತದೆ. ಹೊಸದಾಗಿ ಸಿಕ್ಕವನ್ನು ಒಣಗಲು ಬಿಡದೆ ಸಿಹಿನೀರಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ. ನೀರಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಚೂರು ನೆನೆದ ನೀರೂ ಬಾವಿ ನೀರೂ ಒಂದೇ ಅಂಕಿ ತೋರುವವರೆಗೆ ನಿಲ್ಲಿಸಬೇಡಿ. ಈಗಾಗಲೇ ಸಿಪ್ಪೆ ಎದ್ದವನ್ನು ನೀರಿಗೆ ಹಾಕಬೇಡಿ, ಮೈಯೇ ಕಳಚಿ ಬರುತ್ತದೆ; ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು ಪುರಾತತ್ವ ಇಲಾಖೆಯವರಿಗೆ ತೋರಿಸಿ.