ಹತ್ತೊಂಬತ್ತರ ಹುಡುಗ, ಕನ್ನ ಕಳವು ಮತ್ತು ವಾಯಿದೆಯ ಹುಚ್ಚು

ಪ್ರಶ್ನೆ: ಮಗನಿಗೆ 19 ವರ್ಷ. ಗೆಳೆಯನ ಜೊತೆ ರಾತ್ರಿ ಬೀಗ ಮುರಿದು ಒಂದು ಮನೆಗೆ ನುಗ್ಗಿ ಲ್ಯಾಪ್‌ಟಾಪ್, ಬೆಳ್ಳಿ ಸಾಮಾನು ಕದ್ದಿದ್ದಾನೆ. ಕಲಂ 305 (ಮನೆಯೊಳಗಿನ ಕಳ್ಳತನ), 331(4) (ರಾತ್ರಿ ಕನ್ನ) ಹಾಕಿದ್ದಾರೆ. 14 ವರ್ಷ ಜೈಲಂತೆ. ವಾಯಿದೆ ಎಳೆಯುತ್ತಾ ಹೋದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ ಎಂದು ಕೋರ್ಟ್ ಹತ್ತಿರ ಓಡಾಡುವ ಪರಿಚಯದವರೊಬ್ಬರು ಹೇಳಿದರು. ಹೌದೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಮೊದಲು ಆ ಪರಿಚಯದವರನ್ನು ದೂರ ಇಡಿ. ಇದೇ ಸಲಹೆ ನಂಬಿ ಕೆಟ್ಟವರ ಪತ್ರ ಓದಿ ಓದಿ ನನಗೆ ಸಾಕಾಗಿದೆ.

ರಾತ್ರಿ ಕನ್ನ ಹಾಕಿ ಕದ್ದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾನೂನು) ಗರಿಷ್ಠ 14 ವರ್ಷ ಇರುವುದು ನಿಜ. ಆದರೆ ಇಂಥ ಕೇಸು ನಡೆಯುವುದು ಸಾಮಾನ್ಯವಾಗಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ಒಂದು ಅಪರಾಧಕ್ಕೆ ಅವರು ಕೊಡಬಲ್ಲದ್ದು ಹೆಚ್ಚೆಂದರೆ 3 ವರ್ಷ. ಅದು ಸಾಲದು ಅನ್ನಿಸಿದರೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅವರ ಮಿತಿ 7 ವರ್ಷ.

ನಿಮಗೆ ಬೇಕಾದದ್ದು 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೇ ಕಲಂ. 21 ತುಂಬದವರು ತಪ್ಪಿತಸ್ಥರೆಂದು ತೀರ್ಮಾನವಾದರೆ, ಆ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಇಲ್ಲದಿದ್ದಲ್ಲಿ, ನ್ಯಾಯಾಲಯ ಸುಮ್ಮನೆ ಜೈಲಿಗೆ ಕಳಿಸುವಂತಿಲ್ಲ. ಹುಡುಗನ ನಡತೆ, ಮನೆಯ ಪರಿಸ್ಥಿತಿ ವಿಚಾರಿಸುವ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಜೈಲೇ ಆಗಬೇಕು ಅನ್ನುವುದಾದರೆ ಕಾರಣ ಬರೆಯಬೇಕು. ಇಲ್ಲವಾದರೆ 3 ವರ್ಷದವರೆಗಿನ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು, ಕಳೆದುಕೊಂಡವರಿಗೆ ಪರಿಹಾರ ಕೊಡಿಸಬಹುದು. ಹಳೆಯ ಶಿಕ್ಷೆಗಳಿದ್ದರೆ ಈ ದಾರಿ ಕಷ್ಟ. ಐದು ಜನ ಸೇರಿ ಮನೆಯವರನ್ನು ಹೊಡೆದು ದೋಚಿದ್ದರೆ ಅದು ದರೋಡೆ. 6ನೇ ಕಲಮಿನ ಬಾಗಿಲೇ ಮುಚ್ಚುತ್ತದೆ.

ಈಗ ವಾಯಿದೆ ವಿಷಯ. ಈ ಕಲಮಿಗೆ ಲೆಕ್ಕ ಕಳ್ಳತನದ ದಿನದ ವಯಸ್ಸಲ್ಲ, ವಿಚಾರಣಾ ನ್ಯಾಯಾಲಯ ತೀರ್ಪು ಕೊಡುವ ದಿನದ್ದು. 1962ರಲ್ಲೇ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ನಿಮ್ಮ ಹುಡುಗನಿಗೆ 19. ಎರಡು ವರ್ಷ ವಾಯಿದೆ ಎಳೆದರೆ, ಕಾನೂನು ಕೊಟ್ಟ ರಕ್ಷಣೆಯನ್ನು ನೀವೇ ಫೀಸು ಕೊಟ್ಟು ಕಳೆದುಕೊಂಡ ಹಾಗೆ. ಆಮೇಲೂ ಇದೇ ಕಾಯ್ದೆಯ 4ನೇ ಕಲಮಿನಡಿ ಮುಚ್ಚಳಿಕೆಯ ಮೇಲೆ ಬಿಡಿ ಎಂದು ಕೇಳಬಹುದು, ಆದರೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅವನು ನಿರಪರಾಧಿಯಾಗಿದ್ದರೆ ಧೈರ್ಯವಾಗಿ ಕೇಸು ನಡೆಸಿ, ಬೇಗ ನಡೆಸಿ. ಪ್ರೊಬೇಷನ್ ಅಧಿಕಾರಿ ಮನೆಗೆ ಬಂದಾಗ ಸುಳ್ಳು ಹೇಳಬೇಡಿ. ಅಕ್ಕಪಕ್ಕದವರನ್ನೂ ಅವರು ಕೇಳುತ್ತಾರೆ.

ಪ್ರಶ್ನೆ: ನಮ್ಮ ಹುಡುಗನಿಗೆ 17. ದೊಡ್ಡವರಂತೆ ವಿಚಾರಣೆ ಮಾಡುತ್ತಾರಾ?

ಉತ್ತರ: ಇಲ್ಲ. ಅದಕ್ಕೆ ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧವಾಗಬೇಕು. ಕನ್ನ ಕಳವಿಗೆ ಕನಿಷ್ಠ ಶಿಕ್ಷೆಯೇ ಇಲ್ಲ. ಈ ಮಾತನ್ನೇ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2021ರ ತಿದ್ದುಪಡಿ ಅದನ್ನು ಬಾಲ ನ್ಯಾಯ ಕಾಯ್ದೆಗೇ ಸೇರಿಸಿತು. 18 ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿ, ಬುದ್ಧಿ ಹೇಳಿ ಬಿಡುವುದರಿಂದ ಹಿಡಿದು 3 ವರ್ಷ ವಿಶೇಷ ಗೃಹದಲ್ಲಿ (ತಪ್ಪು ಮಾಡಿದ ಮಕ್ಕಳನ್ನು ಇಡುವ ಮನೆ) ಇಡುವವರೆಗೆ ಆದೇಶಿಸಬಹುದು. ಇಲ್ಲಿ ಲೆಕ್ಕ ಕೃತ್ಯದ ದಿನದ ವಯಸ್ಸು. ವಯಸ್ಸಿನ ಸರ್ಟಿಫಿಕೇಟ್ ‘ಮಾಡಿಸಿಕೊಡುವ’ ದಲ್ಲಾಳಿಗೆ ದುಡ್ಡು ಕೊಟ್ಟರೆ ನಿಮ್ಮ ಮೇಲೆ ಎರಡನೇ ಕೇಸು.

ಪ್ರಶ್ನೆ: ಕದ್ದ ಮಾಲು 5,000 ರೂಪಾಯಿಯೊಳಗೆ. ಬರೀ ಸಮುದಾಯ ಸೇವೆಯಂತೆ?

ಉತ್ತರ: ಅದು ಸಾದಾ ಕಳ್ಳತನಕ್ಕೆ. ಮನೆಗೆ ನುಗ್ಗಿದವರಿಗಲ್ಲ.

ಪ್ರಶ್ನೆ: ಮನೆಯವರು ರಾಜಿಗೆ ಒಪ್ಪಿದ್ದಾರೆ. ಕೇಸು ಮುಗಿಯಿತಲ್ಲ?

ಉತ್ತರ: ಮುಗಿಯಲಿಲ್ಲ. 305, 331(4) ರಾಜಿಯಾಗುವ ಕಲಮುಗಳಲ್ಲ. ಮಾಲು ಹಿಂತಿರುಗಿಸಿದ್ದನ್ನು ದಾಖಲೆಗೆ ತನ್ನಿ, ಶಿಕ್ಷೆಯ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.